ತೇಪೆಗೂ ಒಂದು ಮರ್ಯಾದೆ

ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ದಿನಗಳನ್ನು ನಮ್ಮಲ್ಲಿ ಯಾರೂ ಆಸೆಯಿಂದ ನೆನೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಮಾತ್ರ ರೇಷನ್ನಿನ ಬಟ್ಟೆಯ ಮೇಲೆ ಈಗ ಬಹಳ ಜನಕ್ಕೆ ಮೋಹ. ಹಲವು ಊರುಗಳಲ್ಲಿ 1940ರ ದಶಕದ ಹೆಸರಿನಲ್ಲಿ ಹಬ್ಬವೇ ನಡೆಯುತ್ತದೆ. ಹೆಂಗಸರು ಎರಡನೆಯ ಮಹಾಯುದ್ಧದ ಕಾಲದವರಂತೆ ಮೊಣಕಾಲುದ್ದದ ಲಂಗ, ಚೌಕ ಭುಜದ ಕೋಟು ತೊಟ್ಟು, ತಲೆಗೆ ವಸ್ತ್ರ ಕಟ್ಟಿ, ತುಟಿಗೆ ಕೆಂಪು ಹಚ್ಚಿ ಬೀದಿಗೆ ಬರುತ್ತಾರೆ. ಅಲ್ಲಿರುವ ನನ್ನ ಅಣ್ಣನ ಮಗಳು ಅಂಥದೊಂದು ಫೋಟೋ ಕಳಿಸಿ, "ಎಷ್ಟು ಚೆಂದ ಅಲ್ವಾ ಅತ್ತೆ? ಆ ಕಾಲದಲ್ಲಿ ಹುಟ್ಟಬೇಕಿತ್ತು" ಎಂದಳು. ಚೆಂದವೇನೋ ಹೌದು. ಆದರೆ ಆ ಕಾಲದಲ್ಲಿ ಹುಟ್ಟಿದವರು ಆ ಚೆಂದವನ್ನು ಬೇಕೆಂದು ಆರಿಸಿಕೊಂಡವರಲ್ಲ.

1941ರ ಜೂನ್ 1ರಂದು ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಬಂತು. ಮೊದಲ ವರ್ಷಕ್ಕೆ ತಲೆಗೆ 66 ಕೂಪನ್ನು, ಆಮೇಲೆ ಇನ್ನೂ ಕಡಿಮೆ. ಒಂದು ಉಣ್ಣೆಯ ಉಡುಪಿಗೆ 11 ಕೂಪನ್ನು, ಒಂದು ಜೊತೆ ಕಾಲುಚೀಲಕ್ಕೆ 2. ಕೈಯಲ್ಲಿ ಹಣವಿದ್ದರೂ ಕೂಪನ್ನಿಲ್ಲದೆ ಅಂಗಡಿಯವನು ಬಟ್ಟೆ ಕೊಡುವಂತಿರಲಿಲ್ಲ. 1942ರಲ್ಲಿ ಉಡುಪಿನ ನೆರಿಗೆ, ಗುಂಡಿ, ಜೇಬುಗಳಿಗೂ ಲೆಕ್ಕ ಬಂತು. ಇಂದು ಫೋಟೋದಲ್ಲಿ ನಾವು ಮೆಚ್ಚುವ ಆ ಅಚ್ಚುಕಟ್ಟು ಹುಟ್ಟಿದ್ದು ಬಟ್ಟೆಯ ಉಳಿತಾಯದಿಂದ. ಆ ತಲೆವಸ್ತ್ರ ಕಾರ್ಖಾನೆಯ ಯಂತ್ರಕ್ಕೆ ಕೂದಲು ಸಿಕ್ಕದಿರಲೆಂದು ಕಟ್ಟಿದ್ದು. ರೇಷ್ಮೆಯೆಲ್ಲ ಪ್ಯಾರಾಚೂಟಿಗೆ ಹೋದದ್ದರಿಂದ ಕಾಲುಚೀಲ ಸಿಗದೆ, ಕೆಲವರು ಅಡುಗೆಯ ಕಂದು ಬಣ್ಣವನ್ನು ಕಾಲಿಗೆ ಬಳಿದು, ಹಿಂದೆ ಪೆನ್ಸಿಲಿನಿಂದ ಹೊಲಿಗೆಯ ಗೆರೆ ಎಳೆದುಕೊಳ್ಳುತ್ತಿದ್ದರು. ಹಾಗೆ ಯುದ್ಧಕ್ಕೆ ಹೋದ ರೇಷ್ಮೆಯಲ್ಲಿ ನಮ್ಮ ಮೈಸೂರು ಸೀಮೆಯದೂ ಇತ್ತು.

ಹಾಗಾದರೆ ಇಷ್ಟು ವರ್ಷಗಳ ಮೇಲೆ ಜನ ಹಂಬಲಿಸುವುದು ಏನನ್ನು? ಕೊರತೆಯನ್ನಂತೂ ಅಲ್ಲ. ನನಗೆ ತೋರುವಂತೆ, ಆ ಕೊರತೆಯನ್ನು ಹಂಚಿಕೊಂಡ ರೀತಿಯನ್ನು. ಸರ್ಕಾರ 'ಯುಟಿಲಿಟಿ' ಎಂಬ ಹೆಸರಿನಲ್ಲಿ ಗಟ್ಟಿಯಾದ, ಬೆಲೆ ಕಟ್ಟಿದ ಬಟ್ಟೆಗಳನ್ನು ತಯಾರಿಸಿತು. ಅವುಗಳ ಮಾದರಿ ಬರೆದವರಲ್ಲಿ ರಾಣಿಯ ಉಡುಪು ಹೊಲಿಯುತ್ತಿದ್ದ ನಾರ್ಮನ್ ಹಾರ್ಟ್‌ನೆಲ್ ಕೂಡ ಇದ್ದರು. 1943ರಲ್ಲಿ ಹಳೆಯದನ್ನೇ ತೇಪೆ ಹಾಕಿ ಉಡುವುದು ಹೇಗೆಂದು ಸರ್ಕಾರವೇ ಪುಸ್ತಿಕೆ ಹಂಚಿತು. 1947ರಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಯ ಉಡುಪಿಗೂ ಕೂಪನ್ನು ಕೊಡಬೇಕಾಯಿತು. ಜನ ಅಕ್ಕರೆಯಿಂದ ತಮ್ಮ ಕೂಪನ್ನು ಕಳಿಸಿಕೊಟ್ಟರೆ, ಅದು ಕಾನೂನಿಗೆ ವಿರುದ್ಧವೆಂದು ವಾಪಸು ಹೋಯಿತು. ಎಲ್ಲರ ಮೊಣಕೈಗೂ ತೇಪೆಯಿದ್ದಾಗ ತೇಪೆ ನಾಚಿಕೆಯ ವಸ್ತುವಲ್ಲ. ಅದಕ್ಕೂ ಒಂದು ಮರ್ಯಾದೆ ಬರುತ್ತದೆ.

ಹಾಗೆಂದು ಅದು ರಾಮರಾಜ್ಯವಾಗಿತ್ತು ಎನ್ನಬೇಡಿ. ರೇಷನ್ ಬಂದ ದಿನ ಬೀರು ತುಂಬಿದ್ದ ಹೆಂಗಸಿಗೂ, ಇದ್ದ ಎರಡು ಉಡುಪನ್ನೇ ಒಗೆದು ಉಡುವ ಹೆಂಗಸಿಗೂ ಕೂಪನ್ನು ಒಂದೇ ಲೆಕ್ಕ. ಕಳ್ಳಸಂತೆಯೂ ಇತ್ತು. ಯುದ್ಧ 1945ರಲ್ಲಿ ಮುಗಿದರೂ ಬಟ್ಟೆಯ ರೇಷನ್ ಮುಗಿದದ್ದು 1949ರ ಮಾರ್ಚಿನಲ್ಲಿ. 1947ರಲ್ಲಿ ಪ್ಯಾರಿಸಿನ ಕ್ರಿಶ್ಚಿಯನ್ ಡಿಯೋರ್ ಗಜಗಟ್ಟಲೆ ಬಟ್ಟೆಯ ಅಗಲ ಲಂಗ ತಂದಾಗ, ಎಷ್ಟೋ ಹೆಂಗಸರು ಅದಕ್ಕೆ ಮನಸೋತರು. ಮಿತವ್ಯಯದಲ್ಲೇ ಅವರಿಗೆ ಅಷ್ಟೊಂದು ಸುಖವಿದ್ದಿದ್ದರೆ ಹಾಗಾಗುತ್ತಿರಲಿಲ್ಲ.

ಅದೇ ಯುದ್ಧ, ಅದೇ ಸರ್ಕಾರದ ಆಳ್ವಿಕೆ ನಮ್ಮಲ್ಲೂ ಇತ್ತು. ಗಿರಣಿಯ ಬಟ್ಟೆ ಸೈನ್ಯಕ್ಕೆ ಹೋಯಿತು, ಅಂಗಡಿಯಲ್ಲಿ ಸೀರೆಯ ಬೆಲೆ ಏರಿತು. ಬಟ್ಟೆ ಮತ್ತು ನೂಲಿನ ಮೇಲೆ ಹತೋಟಿಯ ಆಜ್ಞೆ ಬಂದದ್ದು 1943ರಲ್ಲಿ. ಆ ವರ್ಷದ ಬಂಗಾಳದ ಕ್ಷಾಮದಲ್ಲಿ ಅನ್ನವಿಲ್ಲದೆ ಲಕ್ಷಾಂತರ ಜನ ಸತ್ತರು. ಮೈಮುಚ್ಚಲು ಬಟ್ಟೆಯಿಲ್ಲದೆ, ಗಂಜಿಕೇಂದ್ರ ಹತ್ತಿರವಿದ್ದರೂ ಮನೆಯಿಂದ ಹೊರಬರಲಾಗದ ಹೆಂಗಸರಿದ್ದರು. ನಮ್ಮಜ್ಜಿ ಆ ಕಾಲದ ಮಾತು ಬಂದರೆ, "ಮೈಮೇಲೊಂದು, ಗಳುವಿನ ಮೇಲೊಂದು" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಮನಸ್ಸಿರಲಿಲ್ಲ. ಆ ಸೀರೆಯ ನೆನಪಿಗೆ ಯಾರೂ ಹಬ್ಬ ಮಾಡುವುದಿಲ್ಲ. ಎಲ್ಲರೂ ಹಂಚಿಕೊಂಡ ಕೊರತೆ ನೆನಪಿನಲ್ಲಿ ಸಿಹಿಯಾಗಬಹುದು, ಕೆಲವರ ತಲೆಗೇ ಕಟ್ಟಿದ ಕೊರತೆ ಮಾತ್ರ ಎಷ್ಟು ವರ್ಷ ಕಳೆದರೂ ಕಹಿಯೇ.

ಈಗ ಮತ್ತೆ ತೇಪೆಯ ಕಾಲ ಬಂದಿದೆ. ಹರಿದ ಪ್ಯಾಂಟು ಹೊಸದಕ್ಕಿಂತ ದುಬಾರಿ. ನಮ್ಮ ಉತ್ತರ ಕರ್ನಾಟಕದ ಕೌದಿ, ಹಳೆ ಸೀರೆ ಧೋತರಗಳ ತುಂಡು ಜೋಡಿಸಿ ಅಜ್ಜಿಯರು ಹೊಲಿದ ಕೌದಿ, ಈಗ ದೊಡ್ಡ ಅಂಗಡಿಯ ಗಾಜಿನ ಹಿಂದೆ ನೇತಾಡುತ್ತಿದೆ. ಒಳ್ಳೆಯದೇ. ವರ್ಷಕ್ಕೆ ಹತ್ತು ಸೀರೆ ಕೊಂಡು ಎಂಟನ್ನು ಮರೆಯುವ ನಮಗೆ ಸೂಜಿ ದಾರದ ನೆನಪಾಗುವುದು ಒಳ್ಳೆಯದು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಸೊಸೆಯ ಡ್ರೆಸ್ಸಿನ ತೇಪೆಯನ್ನು ಕಲೆ ಎನ್ನುವ ನಾವು, ಪಾತ್ರೆ ತಿಕ್ಕಲು ಬರುವವಳ ರವಿಕೆಯ ತೇಪೆಯನ್ನು ಏನೆನ್ನುತ್ತೇವೆ? "ಪಾಪ, ಇರೋದರಲ್ಲೇ ಎಷ್ಟು ಅಚ್ಚುಕಟ್ಟು" ಎಂದು ಹೊಗಳುತ್ತೇವೆ. ಹೊಗಳಿ, ಸಂಬಳ ಹೆಚ್ಚಿಸುವ ಮಾತನ್ನು ಮುಂದಿನ ತಿಂಗಳಿಗೆ ಹಾಕುತ್ತೇವೆ. ಮಿತವ್ಯಯ ನಮಗೆ ನಾವೇ ಹಾಕಿಕೊಂಡ ಕಟ್ಟಾದರೆ ಗುಣ. ಬೇರೆ ದಾರಿಯಿಲ್ಲದವರಲ್ಲಿ ಅದನ್ನೇ ಗುಣವೆಂದು ಹಾಡಿ ಹೊಗಳುವುದು, ಕೊಡಬೇಕಾದ್ದನ್ನು ಕೊಡದಿರಲು ಒಂದು ನೆಪ. ಹಳೆಯ ಬಟ್ಟೆಯ ಮೇಲಿನ ಪ್ರೀತಿ ನಿಜವಾಗಿದ್ದರೆ ಅದು ಎರಡು ಕೆಲಸ ಮಾಡಿಸಬೇಕು. ನಮ್ಮ ಬೀರುವಿಗೆ ಒಂದು ಮಿತಿ ಹಾಕಿಸಬೇಕು, ಎದುರಿಗೆ ನಿಂತವಳ ಸೀರೆಗೆ ತೇಪೆ ಏಕೆ ಬಂತೆಂದು ಕೇಳಿಸಬೇಕು. ಮೊದಲನೆಯದು ನಮಗೆ ಸುಲಭ. ಎರಡನೆಯದನ್ನು ಬಿಟ್ಟರೆ ಉಳಿಯುವುದು ಬರೀ ಫ್ಯಾಷನ್.