ಕಾಲೇಜು: ದಾನವೋ, ಋಣವೋ?

ಊರಿಗೊಂದು ಕಾಲೇಜು ಬಂದಿತೆಂದರೆ ಊರವರು ಆಡುವ ಮಾತೊಂದುಂಟು: "ಸರಕಾರದವರು ನಮಗೆ ಕಾಲೇಜು ಕೊಟ್ಟರು." ಈ ಮಾತನ್ನು ನಾವೂ ಆಡಿದ್ದೇವೆ, ಶಾಲೆಯ ಸಭೆಯಲ್ಲಿ ಮಕ್ಕಳ ಬಾಯಲ್ಲೂ ಆಡಿಸಿದ್ದೇವೆ. ಆದರೆ 'ಕೊಟ್ಟರು' ಎಂಬ ಆ ಸಣ್ಣ ಕ್ರಿಯಾಪದದೊಳಗೆ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಕೊಡುವುದು ಎರಡು ಬಗೆ. ತನ್ನದನ್ನು ಮನಸ್ಸು ಬಂದು ಕೊಡುವುದು ದಾನ. ಇನ್ನೊಬ್ಬನಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ಋಣ. ದಾನ ಪಡೆದವನು ಕೈಮುಗಿಯಬೇಕು. ದಾನದ ಹಸುವಿನ ಹಲ್ಲು ಎಣಿಸಬಾರದೆಂದು ಹಿರಿಯರೇ ಹೇಳಿದ್ದಾರೆ. ಋಣ ಸಂದಾಯವಾದಾಗಲಾದರೋ, ಸಂದದ್ದೆಷ್ಟು, ಉಳಿದದ್ದೆಷ್ಟು ಎಂದು ಲೆಕ್ಕ ಕೇಳುವುದು ಅಪಚಾರವಲ್ಲ. ಹಾಗಾದರೆ ಸರಕಾರವು ಹಳ್ಳಿಯ ಮಕ್ಕಳಿಗೆಂದು ತೆರೆಯುವ ಕಾಲೇಜು ಈ ಎರಡರಲ್ಲಿ ಯಾವುದು? ಇದು ಬರಿಯ ಶಬ್ದವಿಚಾರವೆಂದು ವಾಚಕರು ಭಾವಿಸಬಾರದು. ನಮ್ಮ ಹೊಸೂರು, ತಳಿ, ದೇಂಕಣಿಕೋಟೆಯ ಕಡೆಯ ಕನ್ನಡ ಮಕ್ಕಳ ಬಾಳು ಇದರ ಉತ್ತರದ ಮೇಲೆ ನಿಂತಿದೆ.

ಮೊದಲು ಸ್ವಲ್ಪ ಹಿಂದಿನ ಕಥೆ. ಹೊಸೂರಿಗೆ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಗೋಪಾಲಾಚಾರ್ಯರು ಮುಂದೆ ಭಾರತದ ಗವರ್ನರ್ ಜನರಲ್ ಪದವಿಯವರೆಗೆ ಏರಿದುದನ್ನು ಎಲ್ಲರೂ ಬಲ್ಲರು. ಆದರೆ ಆ ಬಾಲಕ ಕಾಲೇಜಿನ ವಿದ್ಯೆಗಾಗಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಬೇಕಾಯಿತೆಂಬುದನ್ನು ನಾವು ಮಕ್ಕಳಿಗೆ ಹೇಳುವುದು ಕಡಮೆ. ಅವರಿಗೆ ಹೋಗಲು ಅನುಕೂಲವಿತ್ತು, ಹೋದರು. ಅದೇ ಸೀಮೆಯಲ್ಲಿ ಅವರ ವಾರಿಗೆಯ ಎಷ್ಟು ಹುಡುಗರು ಹೋಗಲಾರದೆ ರಾಗಿಯ ಹೊಲದಲ್ಲೇ ಉಳಿದರೆಂಬುದನ್ನು ಯಾವ ಚರಿತ್ರೆಯೂ ಬರೆದಿಟ್ಟಿಲ್ಲ. 1956ರ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಹೊಸೂರು ಮದರಾಸು ರಾಜ್ಯದಲ್ಲೇ ಉಳಿಯಿತು. ಕೃಷ್ಣಗಿರಿಯಲ್ಲಿ ಸರಕಾರಿ ಕಲಾ ಕಾಲೇಜು ಆರಂಭವಾದದ್ದು 1964ರಲ್ಲಿ. ಆಗ ಇದೆಲ್ಲವೂ ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿಯೇ ಜಿಲ್ಲೆಯಾಯಿತು. ಹೊಸೂರಿಗೂ ಸರಕಾರಿ ಕಾಲೇಜು ಬಂದಿತು. ಕೊನೆಗೆ ತಮಿಳುನಾಡು ಸರಕಾರ 2021-22ರಲ್ಲಿ ತೆರೆದ ಹತ್ತು ಹೊಸ ಕಲಾ ಮತ್ತು ವಿಜ್ಞಾನ ಕಾಲೇಜುಗಳಲ್ಲಿ ಈರೋಡು ಜಿಲ್ಲೆಯ ತಾಳವಾಡಿಗೆ ಒಂದು, 2022-23ರಲ್ಲಿ ತೆರೆದ ಹತ್ತರಲ್ಲಿ ನಮ್ಮ ತಳಿಗೆ ಒಂದು ದೊರೆಯಿತು. ಎರಡೂ ಕನ್ನಡ ಮಾತು ಮನೆಮನೆಯಲ್ಲಿ ಕೇಳುವ ಸೀಮೆಗಳು. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಇಳಿದು ಸತ್ಯಮಂಗಲದ ಕಡೆ ಓದಲು ಹೋಗಬೇಕಾಗಿದ್ದ ತಾಳವಾಡಿಯ ಮಗುವಿಗೆ ಇದೆಂಥ ನೆಮ್ಮದಿಯೆಂಬುದನ್ನು ಆ ದಾರಿಯಲ್ಲಿ ಬಸ್ಸಿನಲ್ಲಿ ಕುಳಿತವರೇ ಬಲ್ಲರು. ಈ ಸಂತೋಷವನ್ನು ನಾವು ಮೊದಲೇ ಮನಸಾರ ಒಪ್ಪಿ ಮುಂದಕ್ಕೆ ಹೋಗುತ್ತೇವೆ.

ಕಾಲೇಜು ಹುಟ್ಟುವ ಬಗೆ ಹೇಗೆ? ಶಾಸನಸಭೆಯಲ್ಲಿ ಘೋಷಣೆಯಾಗುತ್ತದೆ, ಸರಕಾರಿ ಆಜ್ಞೆ ಹೊರಡುತ್ತದೆ, ಅದರಲ್ಲಿ ಪಾಠವಿಷಯಗಳೆಷ್ಟು, ಅಧ್ಯಾಪಕರ ಹುದ್ದೆಗಳೆಷ್ಟು, ವರ್ಷವರ್ಷದ ಖರ್ಚೆಷ್ಟು, ಒಮ್ಮೆ ಮಾತ್ರ ಆಗುವ ಖರ್ಚೆಷ್ಟು ಎಂದು ನಮೂದಾಗುತ್ತದೆ. ಕಂದಾಯ ಇಲಾಖೆ ನೆಲ ಗುರುತಿಸುತ್ತದೆ. ವಿಶ್ವವಿದ್ಯಾಲಯ ಮಾನ್ಯತೆ ಕೊಡುತ್ತದೆ. ನಮ್ಮ ಸೀಮೆಗೆ ಅದು 1997ರಲ್ಲಿ ಸ್ಥಾಪಿತವಾದ ಸೇಲಮ್ಮಿನ ಪೆರಿಯಾರ್ ವಿಶ್ವವಿದ್ಯಾಲಯ. ಕಟ್ಟಡ ಏಳುವವರೆಗೆ ಯಾವುದಾದರೂ ಶಾಲೆಯ ಕೋಣೆಗಳಲ್ಲಿ ಪಾಠ ನಡೆಯುವುದೂ, ಖಾಯಂ ಅಧ್ಯಾಪಕರು ಬರುವವರೆಗೆ ಗೌರವ ಉಪನ್ಯಾಸಕರು ಹೊರೆ ಹೊರುವುದೂ ಹೊಸ ಕಾಲೇಜುಗಳಲ್ಲಿ ವಾಡಿಕೆ. ಇಷ್ಟಕ್ಕೆಲ್ಲ ಹಣ ಎಲ್ಲಿಯದು? ಬೊಕ್ಕಸದ್ದು. ಬೊಕ್ಕಸಕ್ಕೆ ಎಲ್ಲಿಂದ ಬಂತು? ಇಲ್ಲಿ ನಾವು ತುಸು ನಿಲ್ಲಬೇಕು. ಟೊಮೇಟೊ ಬೆಳೆಯುವ ರೈತನೂ, ಗುಲಾಬಿ ತೋಟದಲ್ಲಿ ಹೂ ಬಿಡಿಸುವ ಹೆಂಗಸೂ ವರಮಾನ ತೆರಿಗೆ ಕಟ್ಟುವವರಲ್ಲದಿರಬಹುದು. ಆದರೆ ಕೊಳ್ಳುವ ಸೋಪಿನಲ್ಲಿ, ಬೆಂಕಿಪೊಟ್ಟಣದಲ್ಲಿ, ಮೊಬೈಲಿಗೆ ಹಾಕಿಸುವ ಕರೆನ್ಸಿಯಲ್ಲಿ ಅವರ ತೆರಿಗೆ ಸೇರಿದೆ. ತೆರಿಗೆ ವಸೂಲು ಮಾಡುವಾಗ ಯಾರ ಮನೆಮಾತು ಯಾವುದೆಂದು ಅಂಗಡಿಯವನು ಕೇಳುವುದಿಲ್ಲ. ಪಡೆದದ್ದು ಎಲ್ಲರಿಂದ, ಆದುದರಿಂದ ತಿರುಗಿ ಸಲ್ಲಬೇಕಾದದ್ದು ಎಲ್ಲರಿಗೆ. ಕಾಲೇಜು ದಾನವಲ್ಲ, ಋಣ ಎಂಬುದು ಇಷ್ಟರಿಂದಲೇ ಸಿದ್ಧವಾಯಿತೆಂದು ನಮಗೆ ತೋರುತ್ತದೆ.

ಋಣವೆಂದ ಮೇಲೆ, ಅದು ಸಂದಿದೆಯೋ ಇಲ್ಲವೋ ಎಂದು ನೋಡುವುದು ಹೇಗೆ? ಸಾಮಾನ್ಯವಾಗಿ ನಾವು ಸಂಖ್ಯೆಯನ್ನು ನೋಡುತ್ತೇವೆ. ಆ ಲೆಕ್ಕದಲ್ಲಿ ತಮಿಳುನಾಡು ತಲೆಯೆತ್ತಿ ನಿಲ್ಲಬಹುದಾದ ರಾಜ್ಯ: 2021-22ರ ಅಖಿಲ ಭಾರತ ಸಮೀಕ್ಷೆಯಂತೆ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣ ದೇಶಕ್ಕೆಲ್ಲ ನೂರಕ್ಕೆ 28.4 ಆಗಿದ್ದರೆ ಇಲ್ಲಿ 47. ಆದರೆ ಸರಾಸರಿಯೆಂಬುದು ಕೆರೆಯ ಆಳದಂತೆ. ಸರಾಸರಿ ಮೊಳಕಾಲುದ್ದ ನೀರೆಂದು ನಂಬಿ ಇಳಿದವನು ನಡುವಿನ ಗುಂಡಿಯಲ್ಲಿ ಮುಳುಗಬಹುದು.

ನಾವು ಒಂದನೆಯ ತರಗತಿಯಲ್ಲಿ ಅಕ್ಷರ ತಿದ್ದಿಸಿದ ಹುಡುಗಿಯೊಬ್ಬಳು ಹನ್ನೆರಡನೆಯ ತರಗತಿ ಮುಗಿಸಿ ಒಂದು ಸಂಜೆ ಮನೆಗೆ ಬಂದಳು. ತಾಯಿ ಹೂ ಬಿಡಿಸುವವಳು, ಅಣ್ಣ ಹೊಸೂರಿನ ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸಗಾರ. ಕೈಯಲ್ಲಿ ಒಂದು ಕಾಲೇಜಿನ ಅರ್ಜಿ. ಹೆಸರು, ಜಾತಿ, ಅಂಕ ಎಲ್ಲ ತುಂಬಿದ್ದಳು. ಒಂದು ಮನೆ ಖಾಲಿ ಬಿಟ್ಟಿದ್ದಳು. "ಸಾರ್, ಇಲ್ಲಿ ಏನು ಬರೀಲಿ?" ಎಂದಳು. ಮೊದಲನೆಯ ಭಾಗದ ಭಾಷೆ ಯಾವುದೆಂದು ಬರೆಯಬೇಕಾದ ಮನೆ ಅದು. ಕನ್ನಡ ಕಲಿಸಲು ಅಲ್ಲಿ ಅಧ್ಯಾಪಕರಿಲ್ಲವೆಂದು ವಿಚಾರಿಸಿಕೊಂಡೇ ಬಂದಿದ್ದಳು. ಗಡಿ ದಾಟಿ ಆನೇಕಲ್ಲಿನ ಕಡೆ ಹೋಗೋಣವೆಂದರೆ ಬಸ್ಸಿನ ಖರ್ಚು, ಹೊತ್ತು ಮುಳುಗಿದ ಮೇಲೆ ಮನೆಗೆ ಬರುವ ಭಯ. ನಾವು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮಿಳು ಎಂದು ಬರೆಯಮ್ಮ" ಎಂದೆವು. ಅವಳು ಬರೆದಳು. ಹೋಗುವಾಗ, "ನಾನು ತಮಿಳಿನಲ್ಲಿ ಪದ್ಯದ ಭಾವಾರ್ಥ ಬರೆಯೋಕೆ ಆಗುತ್ತಾ ಸಾರ್?" ಎಂದು ಕೇಳಿದಳು. ಆಗುತ್ತದೆ ಎಂದೆವು. ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ನಾವು ಹೇಳಿದ್ದು ಸುಳ್ಳೋ ನಿಜವೋ ಎಂಬುದು ನಮಗೇ ತಿಳಿದಿರಲಿಲ್ಲ.

ಯೋಜನೆ ಮಾಡುವ ಅಧಿಕಾರಿಯ ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಆತ ಹೇಳಬಹುದು: "ಹಣ ಪರಿಮಿತ. ಕನ್ನಡ ತೆಗೆದುಕೊಳ್ಳುವವರು ಹತ್ತು ಮಂದಿ ಇದ್ದರೆ ಅವರಿಗಾಗಿ ಒಬ್ಬ ಅಧ್ಯಾಪಕನನ್ನು ನೇಮಿಸುವುದು ಹೇಗೆ? ಆ ಹಣದಲ್ಲಿ ನೂರು ಮಂದಿಗೆ ಪ್ರಯೋಗಶಾಲೆ ಕಟ್ಟಬಹುದು." ಈ ಮಾತು ಹುರುಳಿಲ್ಲದ್ದಲ್ಲ. 1964-66ರ ಕೊಠಾರಿ ಆಯೋಗವು ರಾಷ್ಟ್ರೀಯ ವರಮಾನದಲ್ಲಿ ನೂರಕ್ಕೆ ಆರು ಪಾಲು ಶಿಕ್ಷಣಕ್ಕೆ ಸಲ್ಲಬೇಕೆಂದಿತು. ದೇಶ ಆ ಗುರಿಯನ್ನು ಇನ್ನೂ ಮುಟ್ಟಿಲ್ಲ. ಇದಕ್ಕೆ ಎದುರಾಗಿ ನಾವು ಮತಗಟ್ಟೆಯ ಉದಾಹರಣೆ ಕೊಡಬಹುದು: ಗುಜರಾತಿನ ಗಿರ್ ಅರಣ್ಯದ ಬಾಣೇಜಿನಲ್ಲಿ ಒಬ್ಬನೇ ಒಬ್ಬ ಮತದಾರನಿಗಾಗಿ ಚುನಾವಣಾ ಸಿಬ್ಬಂದಿ ಮತಯಂತ್ರ ಹೊತ್ತು ಹೋದದ್ದುಂಟು. ಅಲ್ಲಿ ತಲೆಯೆಣಿಕೆ ಅಡ್ಡ ಬರಲಿಲ್ಲ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಈ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಮತ ಪ್ರತಿಯೊಬ್ಬ ವಯಸ್ಕನ ಹಕ್ಕು. ಉನ್ನತ ವಿದ್ಯೆಯ ವಿಷಯದಲ್ಲಿ ಸಂವಿಧಾನದ 41ನೆಯ ವಿಧಿ "ಆರ್ಥಿಕ ಶಕ್ತಿಯ ಮಿತಿಯೊಳಗೆ" ಎಂಬ ಅರ್ಥದ ಮಾತನ್ನು ಸೇರಿಸಿಯೇ ಹೇಳುತ್ತದೆ.

ಆದುದರಿಂದ ಬೇರೊಂದು ದಾರಿಯಿಂದ ಯೋಚಿಸೋಣ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಸೇರಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಒದಗಿಸಲು ರಾಜ್ಯಗಳು ಯತ್ನಿಸಬೇಕು. ನಮ್ಮ ಕನ್ನಡ ಶಾಲೆಗಳ ಬೆನ್ನಿಗೆ ಈ ವಿಧಿಯಿದೆ. ಆದರೆ ವಿಧಿಯ ಮಾತು ಪ್ರಾಥಮಿಕ ಹಂತದ ಬಾಗಿಲಲ್ಲೇ ನಿಂತುಬಿಡುತ್ತದೆ. ಕಾನೂನು ನಿಂತ ಕಡೆ ಧರ್ಮವೂ ನಿಲ್ಲಬೇಕೆ? ಒಬ್ಬನನ್ನು ಕೈಹಿಡಿದು ಏಣಿಯ ಮೊದಲ ಮೆಟ್ಟಲು ಹತ್ತಿಸಿದವರು, ಮೇಲಿನ ಮೆಟ್ಟಲು ನಮ್ಮ ಹೊಣೆಯಲ್ಲವೆಂದು ಏಣಿಯನ್ನು ಅಲ್ಲಿಗೇ ಕತ್ತರಿಸಿದರೆ, ಹತ್ತಿಸಿದ್ದೇ ಒಂದು ಬಗೆಯ ವಂಚನೆಯಾಗುತ್ತದೆ. ಮೊದಲು ಕೊಟ್ಟ ಮಾತೇ ಮುಂದಿನ ಋಣವನ್ನು ಹುಟ್ಟಿಸುತ್ತದೆ. ಅಷ್ಟಲ್ಲದೆ, ನೆಲ, ಕಟ್ಟಡ, ಪ್ರಯೋಗಶಾಲೆ, ಗ್ರಂಥಾಲಯ ಎಲ್ಲಕ್ಕೂ ಹಣ ಒದಗಿಸಿದ ಮೇಲೆ ಒಬ್ಬ ಭಾಷಾಧ್ಯಾಪಕನ ಹುದ್ದೆ ಆ ಲೆಕ್ಕದಲ್ಲಿ ಎಷ್ಟರದು? ಅಲ್ಲಿ ಕೊರತೆಯಾದದ್ದು ಹಣಕ್ಕಿಂತ ಗಮನ. ಇದು ಆಗದ ಮಾತೂ ಅಲ್ಲ: ಕಾಸರಗೋಡಿನಲ್ಲಿ 1957ರಲ್ಲಿ ಆರಂಭವಾದ ಸರಕಾರಿ ಕಾಲೇಜು ಕೇರಳ ರಾಜ್ಯದ್ದು, ಅಲ್ಲಿ ಕನ್ನಡ ವಿಭಾಗವಿದೆ, ಸ್ನಾತಕೋತ್ತರ ಪಾಠವೂ ಇದೆ. ಮಲಯಾಳದ ರಾಜ್ಯದ ಬೊಕ್ಕಸ ಕನ್ನಡಕ್ಕೆ ಸಂಬಳ ಕೊಟ್ಟುದರಿಂದ ಮಲಯಾಳಕ್ಕೇನೂ ಕುಂದು ಬರಲಿಲ್ಲ.

ಇಷ್ಟು ಹೇಳಿ ಲೇಖನಿ ಕೆಳಗಿಟ್ಟರೆ ನಮ್ಮ ಬರಹ ಅರ್ಧ ಸತ್ಯವಾದೀತು. ಸರಕಾರದ ಕಡೆ ಬೆರಳು ತೋರಿಸುವ ಕೈಯಲ್ಲಿ ಸೀಮೆಸುಣ್ಣ ಹಿಡಿದವರು ನಾವು. ಆ ಹುಡುಗಿ ಕೇಳಿದ ಪ್ರಶ್ನೆ ನಿಜವಾಗಿ ನಮ್ಮನ್ನೇ ಕುರಿತದ್ದು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆಯ ಕಾನೂನು ಬಂದ ಮೇಲೆ, ಹತ್ತನೆಯ ತರಗತಿಯ ತಮಿಳು ಪರೀಕ್ಷೆಯಿಂದ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ನ್ಯಾಯಾಲಯಗಳ ಮೂಲಕ ಹಲವು ವರ್ಷ ವಿನಾಯಿತಿ ದೊರೆಯಿತು. ವಿನಾಯಿತಿ ದೊರೆತಾಗ ನಾವು ಹಿಗ್ಗಿದೆವು. ಹಿಗ್ಗಿದ್ದು ತಪ್ಪಲ್ಲ, ಕಲಿಸುವ ಏರ್ಪಾಟು ಸರಿಯಾಗಿ ಮಾಡದೆ ಪರೀಕ್ಷೆ ಹೇರುವುದು ಅನ್ಯಾಯವೇ. ಆದರೆ ಆ ಹಿಗ್ಗಿನಲ್ಲಿ ನಮ್ಮಲ್ಲಿ ಕೆಲವರು ತಮಿಳಿನ ಪಾಠದ ಗಂಟೆಯನ್ನೇ ಹಗುರವಾಗಿ ಕಂಡೆವು. ಪರೀಕ್ಷೆಯಿಂದ ವಿನಾಯಿತಿ ಸಿಕ್ಕೀತು. ಬಾಳಿನಿಂದ ವಿನಾಯಿತಿ ಸಿಕ್ಕುವುದಿಲ್ಲ. 2021ರ ಆಜ್ಞೆಯಂತೆ ರಾಜ್ಯದ ಸರಕಾರಿ ಹುದ್ದೆಗಳ ಸ್ಪರ್ಧೆಯಲ್ಲಿ ತಮಿಳಿನ ಅರ್ಹತಾ ಪತ್ರಿಕೆ ಕಡ್ಡಾಯವಾಯಿತು. ತಮಿಳು ಮಾಧ್ಯಮದಲ್ಲಿ ಓದಿದವರಿಗೆ 2010ರ ಕಾನೂನು ಮೀಸಲಿಟ್ಟ ನೂರಕ್ಕೆ ಇಪ್ಪತ್ತು ಪಾಲಿನಲ್ಲಿ ನಮ್ಮ ಮಕ್ಕಳಿಗೆ ಎಡೆಯಿಲ್ಲ. ಇದೆಲ್ಲ ತಿಳಿದೂ, "ಕನ್ನಡ ಸಾಕು, ಮುಂದಿನದು ಮುಂದೆ" ಎಂದು ಹೆತ್ತವರಿಗೆ ಹೇಳಿ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವುದು ಸರಿಯೇ? ಶಾಲೆಯಲ್ಲಿ ಮಕ್ಕಳ ಸಂಖ್ಯೆ ಕುಗ್ಗಿದರೆ ನಮ್ಮ ಹುದ್ದೆಯೂ ಕುಗ್ಗುವುದೆಂಬ ಅಂಜಿಕೆ ಆ ಮಾತಿನಲ್ಲಿ ಬೆರೆತಿರಲಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೆ?

ಹಾಗೆಂದು ಕನ್ನಡ ಶಾಲೆಯೇ ಬೇಡವೆಂಬ ತೀರ್ಮಾನಕ್ಕೆ ನಾವು ಬರುವುದಿಲ್ಲ. ಮನೆಯ ಮಾತಿನಲ್ಲಿ ಮೊದಲ ಅಕ್ಷರ ಕಲಿತ ಮಗು ಎರಡನೆಯ ಭಾಷೆಯನ್ನು ಹೆದರದೆ ಕಲಿಯುತ್ತದೆಂಬುದು ನಮ್ಮ ತರಗತಿಯ ಅನುಭವ. ನಮ್ಮ ಸೀಮೆಯ ಸಂತೆಯಲ್ಲಿ ಕನ್ನಡ, ತಮಿಳು, ತೆಲುಗು ಮೂರನ್ನೂ ಮಾತನಾಡುವ ಮುದುಕಿಯರಿದ್ದಾರೆ. ಅವರಿಗೆ ಇಲ್ಲದ ಭಾಷಾಭಯವನ್ನು ಶಾಲೆಯಲ್ಲಿ ನಾವು ಹುಟ್ಟಿಸಬಾರದು. ಕನ್ನಡವನ್ನು ಬೇರಾಗಿ, ತಮಿಳನ್ನು ಕೊಂಬೆಯಾಗಿ ಬೆಳೆಸುವುದು ಉಪಾಧ್ಯಾಯನ ಋಣ. ಆ ಕೊಂಬೆ ಕಾಲೇಜಿನ ಅಂಗಳಕ್ಕೆ ಚಾಚಿದಾಗ ಬೇರಿಗೂ ಅಲ್ಲಿ ನೀರಿರುವಂತೆ ನೋಡುವುದು ಸರಕಾರದ ಋಣ. ಒಬ್ಬರು ಸಲ್ಲಿಸಲಿಲ್ಲವೆಂಬ ನೆವದಿಂದ ಇನ್ನೊಬ್ಬರು ತಮ್ಮ ಪಾಲನ್ನು ತಡೆಹಿಡಿಯುವಂತಿಲ್ಲ. ಅಂಗಡಿಯ ಸಾಲವನ್ನಾದರೆ ಹಾಗೆ ವಜಾ ಹಾಕಿಕೊಳ್ಳಬಹುದೇನೋ. ಇಲ್ಲಿ ಇಬ್ಬರಿಗೂ ಸಾಲ ಕೊಟ್ಟವರು ಮಕ್ಕಳು.

ಹಾಗಾಗಿ ನಮ್ಮ ಸಂಘದ ಮುಂದೆ ಎರಡು ಕೆಲಸಗಳನ್ನು ಇಡುತ್ತೇವೆ. ಒಂದು, ಕನ್ನಡ ಸೀಮೆಯ ಸರಕಾರಿ ಕಾಲೇಜುಗಳಲ್ಲಿ ಮೊದಲ ಭಾಗದ ಭಾಷೆಯಾಗಿ ಕನ್ನಡವನ್ನು ಕೇಳುವ ಮಕ್ಕಳೆಷ್ಟೆಂದು ಹಳ್ಳಿಹಳ್ಳಿಗೆ ಹೋಗಿ ಎಣಿಸಿ, ಆ ಪಟ್ಟಿಯೊಡನೆ ವಿನಯದಿಂದ, ಆದರೆ ಕೈಯೊಡ್ಡದೆ ಬಿನ್ನಹ ಕೊಡುವುದು. ಎರಡು, ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಬೇಸಗೆಯಲ್ಲಿ ನಾವೇ ಕುಳಿತು ತಮಿಳು ಬರಹ ಕಲಿಸುವುದು. ಎರಡನೆಯದಕ್ಕೆ ಯಾವ ಸರಕಾರಿ ಆಜ್ಞೆಯೂ ಬೇಕಿಲ್ಲ.

ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಮೊದಲ ತಿಂಗಳುಗಳಲ್ಲಿ ತಮಿಳು ಪಾಠವನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದಳು. ಭಾನುವಾರ ನಮ್ಮಲ್ಲಿಗೆ ಬಂದು ಅದನ್ನು ತಮಿಳು ಲಿಪಿಗೆ ಇಳಿಸುತ್ತಿದ್ದಳು. ಆ ಭಾನುವಾರಗಳು ನಾವು ಅವಳಿಗೆ ಮಾಡಿದ ಉಪಕಾರವೆಂದು ಅವಳ ತಾಯಿ ಒಮ್ಮೆ ಕೈಮುಗಿದಳು. ಉಪಕಾರವಲ್ಲವಮ್ಮ, ಹಿಂದೆ ಕೊಡಬೇಕಾಗಿದ್ದ ಬಾಕಿ ಎಂದೆವು. ಆಕೆಗೆ ಅದು ಅರ್ಥವಾಗಲಿಲ್ಲ. ಅರ್ಥವಾಗಬೇಕಾದದ್ದು ನಮಗೆ.