ಯಂತ್ರದೃಷ್ಟಿಯೂ ನ್ಯಾಯನಿರ್ಣಯವೂ

ಅರಿಯದೆ ಮಾಡಿದ ಪಾಪಕ್ಕೂ ಅರಿತು ಮಾಡಿದ ಪಾಪಕ್ಕೂ ನಮ್ಮ ಧರ್ಮಶಾಸ್ತ್ರಕಾರರು ಬೇರೆ ಬೇರೆ ಪ್ರಾಯಶ್ಚಿತ್ತಗಳನ್ನು ವಿಧಿಸಿರುವರು. ಈ ಭೇದವು ತೀರ್ಪು ಹೇಳುವವರಿಗೂ ಸಲ್ಲತಕ್ಕುದೇ ಎಂಬ ಪ್ರಶ್ನೆಯನ್ನು ಇಂದು ಕಾಲ್ಚೆಂಡಾಟದ ಬಯಲು ನಮ್ಮ ಮುಂದಿಡುತ್ತಿದೆ. ಆಟದ ಮಾತೆಂದು ವಾಚಕರು ಇದನ್ನು ಲಘುವಾಗಿ ಎಣಿಸಬಾರದು. ನ್ಯಾಯದ ಸ್ವರೂಪವು ಸಣ್ಣ ಸಂಗತಿಗಳಲ್ಲಿಯೇ ಸ್ಫುಟವಾಗಿ ತೋರುವುದುಂಟು.

1986ನೆಯ ಇಸವಿಯ ಜೂನ್ 22ರಂದು ಮೆಕ್ಸಿಕೋ ನಗರದಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಅರ್ಜೆಂಟೀನದ ಮರಡೋನನು ಇಂಗ್ಲೆಂಡಿನ ಮೇಲೆ ಕೈಯಿಂದ ಚೆಂಡನ್ನು ತಳ್ಳಿ ಗೋಲು ಮಾಡಿದನು. ತೀರ್ಪುಗಾರರಾದ ಟ್ಯುನೀಷಿಯದ ಅಲಿ ಬಿನ್ ನಾಸರರು ಅದನ್ನು ಕಾಣದೆ ಗೋಲೆಂದೇ ಸಾರಿದರು. ಅರ್ಜೆಂಟೀನವು 2–1ರಿಂದ ಗೆದ್ದಿತು. ಇದು ಅನ್ಯಾಯವೇ ಸರಿ. ಆದರೆ ಮನುಷ್ಯನ ಕಣ್ಣಿನ ಮಿತಿಯಿಂದ ಒದಗಿದ ಅನ್ಯಾಯ.

ಈ ಮಿತಿಯನ್ನು ನೀಗುವುದಕ್ಕಾಗಿಯೇ 2018ರಲ್ಲಿ ಆಟದ ನಿಯಮಗಳೊಳಗೆ ವಿಡಿಯೋ ಸಹಾಯಕ ತೀರ್ಪುಗಾರನನ್ನು ಸೇರಿಸಿದರು. ಆತನು ಪ್ರತ್ಯೇಕವಾದ ಕೊಠಡಿಯಲ್ಲಿ ಕುಳಿತು ನಾನಾ ಕ್ಯಾಮೆರಾಗಳ ಚಿತ್ರಗಳನ್ನು ಮರಳಿ ಮರಳಿ ನೋಡುವನು. ಗೋಲು, ಪೆನಾಲ್ಟಿ, ನೇರವಾದ ಕೆಂಪು ಕಾರ್ಡು, ಒಬ್ಬನಿಗೆ ಬದಲಾಗಿ ಮತ್ತೊಬ್ಬನಿಗೆ ಶಿಕ್ಷೆ, ಈ ನಾಲ್ಕರಲ್ಲಿ ಸ್ಪಷ್ಟವಾದ ತಪ್ಪು ಸಂಭವಿಸಿದರೆ ಬಯಲಿನ ತೀರ್ಪುಗಾರನಿಗೆ ತಿಳಿಸುವುದು ಆತನ ಕರ್ತವ್ಯ.

2023ರ ಸೆಪ್ಟೆಂಬರ್ 30ರಂದು ಲಂಡನ್ನಿನಲ್ಲಿ ಟಾಟನ್‌ಹ್ಯಾಮಿಗೂ ಲಿವರ್‌ಪೂಲಿಗೂ ಪಂದ್ಯ ನಡೆಯಿತು. ಲಿವರ್‌ಪೂಲಿನ ಲೂಯಿಸ್ ಡಿಯಾಸನು ಮಾಡಿದ ಗೋಲನ್ನು ಬಯಲಿನಲ್ಲಿದ್ದವರು ಆಫ್‌ಸೈಡ್ ಎಂದು ನಿರಾಕರಿಸಿದರು. ಕೊಠಡಿಯಲ್ಲಿದ್ದವರು ಚಿತ್ರವನ್ನು ನೋಡಿ, ಆಫ್‌ಸೈಡ್ ಅಲ್ಲವೆಂದು ಸರಿಯಾಗಿಯೇ ಕಂಡುಕೊಂಡರು. ಆದರೆ ಬಯಲಿನಲ್ಲಿ ಗೋಲನ್ನು ಕೊಟ್ಟಿರುವರೆಂದು ಭ್ರಮಿಸಿ, ಪರಿಶೀಲನೆ ಮುಗಿಯಿತೆಂದಷ್ಟೇ ತಿಳಿಸಿದರು. ಬಯಲಿನವರು ತಮ್ಮ ನಿರಾಕರಣೆಯೇ ಸ್ಥಿರವಾಯಿತೆಂದು ಭಾವಿಸಿ ಆಟವನ್ನು ಮುಂದುವರಿಸಿದರು. ಕೆಲವೇ ಕ್ಷಣಗಳಲ್ಲಿ ಕೊಠಡಿಯವರಿಗೆ ತಪ್ಪು ಅರಿವಾಯಿತು. ಆದರೆ ಆಟವು ಪುನಃ ಆರಂಭವಾದ ಮೇಲೆ ಹಿಂದಿರುಗಿ ತಿದ್ದಲು ನಿಯಮವು ಅವಕಾಶ ಕೊಡದುದರಿಂದ ಸುಮ್ಮನಾದರು. ಟಾಟನ್‌ಹ್ಯಾಮ್ 2–1ರಿಂದ ಗೆದ್ದಿತು.

ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ನಾಲ್ಕು ಪ್ರಮಾಣಗಳನ್ನು ಹೇಳುವರು. ಇಲ್ಲಿ ಯಂತ್ರವು ಒದಗಿಸಿದ ಪ್ರತ್ಯಕ್ಷವು ನಿರ್ದೋಷವಾಗಿದ್ದಿತು; ಕೆಟ್ಟುದು ಶಬ್ದ. ಏನನ್ನು ಕಂಡೆವೆಂಬುದನ್ನು ಹೇಳದೆ, ನೋಡಿಯಾಯಿತೆಂದು ಮಾತ್ರ ಹೇಳಿದುದರಿಂದ ಅನರ್ಥವಾಯಿತು. ಆದುದರಿಂದ ಕಣ್ಣುಗಳನ್ನು ಹೆಚ್ಚಿಸಿದ ಮಾತ್ರಕ್ಕೆ ನ್ಯಾಯವು ಹೆಚ್ಚದು.

ತೀರ್ಪಿಗೆ ಸ್ಥೈರ್ಯವಿರಬೇಕು, ಅಡಿಗಡಿಗೆ ಹಿಂದಕ್ಕೆ ಸರಿದರೆ ಆಟವೇ ಸಾಗದು, ನಿಯಮವೆಂಬುದು ಉಭಯಪಕ್ಷಗಳಿಗೂ ಕೊಟ್ಟ ಮಾತು ಎಂದು ಕೆಲವರು ವಾದಿಸುವರು. ಈ ವಾದವು ಹುರುಳಿಲ್ಲದುದಲ್ಲ. ಆದರೆ ಸ್ಥೈರ್ಯವನ್ನು ನಾವು ಬಯಸಿದುದು ಏತಕ್ಕೆ? ಸತ್ಯವನ್ನು ತಿಳಿಯಲು ಬೇರೆ ದಾರಿಯಿಲ್ಲದಿದ್ದಾಗ ವಿವಾದಕ್ಕೆ ಒಂದು ಕೊನೆಯಿರಲೆಂದು. ಬಯಲಿನಲ್ಲಿ ಬೇರೇನೂ ಸಂಭವಿಸುವುದಕ್ಕೆ ಮೊದಲೇ ಸತ್ಯವು ನಿಸ್ಸಂದೇಹವಾಗಿ ತಿಳಿದುಬಂದಲ್ಲಿ ಆ ಕಾರಣವೇ ಅಳಿದುಹೋಗುವುದು.

ಬಿನ್ ನಾಸರರಿಗೆ ‘ಕಾಣಲಿಲ್ಲ’ ಎಂಬ ಸಮಾಧಾನವಿದ್ದಿತು. ಲಂಡನ್ನಿನ ಕೊಠಡಿಯಲ್ಲಿದ್ದವರಿಗೆ ಅದು ಇರಲಿಲ್ಲ. ಕಾಣುವ ಶಕ್ತಿಯನ್ನು ಪಡೆದವರು ತಿದ್ದುವ ಹೊಣೆಯನ್ನೂ ಹೊರತಕ್ಕುದು. ತಿದ್ದಲು ಅಡ್ಡಬಂದುದು ಅವರ ಮನಸ್ಸಲ್ಲ, ನಿಯಮ. ಆದಕಾರಣ ಇಂತಹ ಪ್ರಸಂಗದಲ್ಲಿ ಆಟವನ್ನು ಒಡನೆಯೇ ನಿಲ್ಲಿಸಿ ತಪ್ಪನ್ನು ಸರಿಪಡಿಸಲು ನಿಯಮವೇ ಅನುಮತಿ ಕೊಡುವಂತಾಗಬೇಕು.