ಕೋಟು ಮತ್ತು ಕೋವಿ

2005ರ ಜುಲೈ 22ರಂದು ಲಂಡನ್ನಿನ ಸ್ಟಾಕ್‌ವೆಲ್ ರೈಲು ನಿಲ್ದಾಣದಲ್ಲಿ ಬ್ರೆಜಿಲ್‌ನ 27ರ ಹರೆಯದ ಎಲೆಕ್ಟ್ರಿಷಿಯನ್ ಜೀನ್ ಚಾರ್ಲ್ಸ್ ಡಿ ಮೆನೆಜೆಸ್‌ರನ್ನು ಬಾಂಬರ್ ಎಂದು ತಪ್ಪಾಗಿ ತಿಳಿದ ಪೊಲೀಸರು ಗುಂಡಿಟ್ಟು ಕೊಂದರು. ತಲೆಗೇ ಏಳು ಗುಂಡು! ಬೇಸಿಗೆಯಲ್ಲೂ ದಪ್ಪ ಕೋಟು ಹಾಕಿದ್ದ, ಟಿಕೆಟ್ ಗೇಟು ಹಾರಿ ಓಡಿದ ಎಂಬ ಮಾತು ಅಂದೇ ಹಬ್ಬಿತು. ಜನ ನಂಬಿದರು. ಆಮೇಲೆ ತಿಳಿದದ್ದೇ ಬೇರೆ: ಮೈಮೇಲಿದ್ದದ್ದು ತೆಳು ಡೆನಿಮ್ ಜಾಕೆಟ್, ಗೇಟು ದಾಟಿದ್ದು ಪ್ರಯಾಣದ ಕಾರ್ಡು ಬಳಸಿ.

ಆ ಭಯಕ್ಕೆ ಕಾರಣವೇ ಇರಲಿಲ್ಲವೆಂದಲ್ಲ. ಜುಲೈ 7ರಂದು ಅದೇ ನಗರದಲ್ಲಿ ಬಾಂಬುಗಳು 52 ಮಂದಿಯನ್ನು ಬಲಿ ಪಡೆದಿದ್ದವು. ಆದರೆ ಕಾಲಕ್ಕೊಪ್ಪದ ಕೋಟು ಕಂಡು ಬೆಚ್ಚುವ ನಾವು, ಸಮವಸ್ತ್ರದವನ ಕೈಯಲ್ಲಿ ಕೋವಿ ಕಂಡರೆ ನೆಮ್ಮದಿಗೊಳ್ಳುತ್ತೇವೆ. ಏಕೆ? ನಾವು ಅಳೆಯುವುದು ಅಪಾಯವನ್ನಲ್ಲ, ಅಪರಿಚಿತವನ್ನು. ಉಡುಪು, ಗಡ್ಡ, ಒಬ್ಬನೇ ಗೊಣಗಿಕೊಳ್ಳುವ ಅಭ್ಯಾಸ, ಇಷ್ಟು ಸಾಕು ನಮ್ಮ ಸಂಶಯಕ್ಕೆ.

ಸಮಾಜಕ್ಕೆ ಪೊಲೀಸರು ಬೇಕು. ಅವರಿಗೆ ಆಯುಧವೂ ಬೇಕಾದೀತು. ಆದರೆ ವಿಚಿತ್ರವಾಗಿ ನಡೆದುಕೊಳ್ಳುವವನನ್ನು ತಡೆದು ಕೇಳಬಹುದು. ಹಾರಿದ ಗುಂಡನ್ನು ಹಿಂದಕ್ಕೆ ಕರೆಯಲಾದೀತೇ? ಹಾಗಾದರೆ ಹೆಚ್ಚು ಪ್ರಶ್ನೆಗಳಿಗೆ ಉತ್ತರಿಸಬೇಕಾದವರು ಯಾರು?

2007ರಲ್ಲಿ ಲಂಡನ್ ಪೊಲೀಸ್ ಇಲಾಖೆಗೆ 1,75,000 ಪೌಂಡ್ ದಂಡ ಬಿತ್ತು, ಅದೂ ಸುರಕ್ಷತಾ ಕಾಯ್ದೆಯಡಿ. ಗುಂಡು ಹಾರಿಸುವ ಮುನ್ನ ಕೂಗಿ ಎಚ್ಚರಿಸಿದ್ದೆವು ಎಂಬ ಪೊಲೀಸರ ಹೇಳಿಕೆಯನ್ನು 2008ರಲ್ಲಿ ಜ್ಯೂರಿ ಒಪ್ಪಲಿಲ್ಲ. ಆದರೂ ಗುಂಡು ಹಾರಿಸಿದ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ.

ಸತ್ತವನ ಕೋಟಿನ ಬಗ್ಗೆ ನಾವು ಅಂದೇ ತೀರ್ಪು ಕೊಟ್ಟೆವು. ಕೋವಿಯ ಲೆಕ್ಕ ಕೇಳಲು ವರ್ಷಗಳು ಬೇಕಾದವು. ಹಿಂಸಿಸುವ ಶಕ್ತಿ ಯಾರಲ್ಲಿ ಹೆಚ್ಚಿದೆಯೋ ಅವರನ್ನೇ ಮೊದಲು ಪ್ರಶ್ನಿಸುವುದು ನ್ಯಾಯವಲ್ಲವೇ?